ಪಂಪಕ್ಕನ ಐದು ನಿಮಿಷ

ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆಯೇ ಹೆಸರಿತ್ತು. ಆದರೆ ಬಸ್ಸುಗಳ ಡೀಸೆಲ್ ಪಂಪನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸುವ ಕೆಲಸವನ್ನು ಹತ್ತೊಂಬತ್ತು ವರ್ಷ ಮಾಡಿದವಳನ್ನು ಡ್ರೈವರುಗಳು ಪಂಪಕ್ಕ ಎನ್ನದೆ ಇನ್ನೇನೆಂದು ಕರೆದಾರು? ಮ್ಯಾನೇಜರ್ ಕೂಡ ಒಮ್ಮೊಮ್ಮೆ ಬಾಯಿತಪ್ಪಿ ಹಾಗೆಯೇ ಕರೆದು, ಆಮೇಲೆ ಕೆಮ್ಮಿ ಸರಿಪಡಿಸಿಕೊಳ್ಳುತ್ತಿದ್ದರು. ಎತ್ತರದ, ಮಾತು ಕಡಿಮೆಯ ಹೆಂಗಸು. ಅದೇ ಡಿಪೋದಲ್ಲಿ ಅವಳ ಭಾವ, ಎಂದರೆ ಅಕ್ಕನ ಗಂಡ, ಡ್ರೈವರಾಗಿದ್ದರು. ಅವಳಿಗೆ ಈ ಕೆಲಸದ ಅರ್ಜಿ ತಂದುಕೊಟ್ಟವರೂ ಅವರೇ. ಅವರ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಮೂವತ್ತು ವರ್ಷದಲ್ಲಿ ಒಂದು ಸೈಕಲ್ಲಿಗೂ ಬಸ್ಸು ತಾಗಿಸಿದವರಲ್ಲ.

ಡಿಪೋದಲ್ಲಿ ಅರವತ್ತೆರಡು ಬಸ್ಸುಗಳಿದ್ದವು. ಬೆಳಗಿನ ಐದಕ್ಕೆ ಎಲ್ಲ ಎಂಜಿನ್‌ಗಳೂ ಶುರುವಾಗುತ್ತಿದ್ದವು. ಡ್ರೈವರುಗಳು ಕೀಲಿ ತಿರುಗಿಸಿ, ಬಸ್ಸನ್ನು ಹಾಗೇ ಗುರುಗುಡಲು ಬಿಟ್ಟು ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು, ಹರಟೆ ಮುಗಿಸಿ ಬರುವ ಹೊತ್ತಿಗೆ ಅರ್ಧ ಗಂಟೆಯಾಗುತ್ತಿತ್ತು. ಅಷ್ಟರಲ್ಲಿ ತಗಡಿನ ಮಾಡಿನ ಕೆಳಗೆ ಹೊಗೆ ಕಟ್ಟಿಕೊಂಡು ಟ್ಯೂಬ್‌ಲೈಟುಗಳು ಹಳದಿಯಾಗಿ ಕಾಣುತ್ತಿದ್ದವು. ಯಾರಿಗೂ ಅದು ವಿಶೇಷ ಎನಿಸುತ್ತಿರಲಿಲ್ಲ. ಪಂಪಕ್ಕನಿಗೂ ಎನಿಸಿರಲಿಲ್ಲ, ದೊಡ್ಡಮ್ಮ ಬೀಳುವವರೆಗೆ.

ದೊಡ್ಡಮ್ಮ ಎಂದರೆ ಬಸ್ಸುಗಳ ಒಳಗೆ ಗುಡಿಸಿ ಒರೆಸುವ ಹೆಂಗಸು. ವಯಸ್ಸು ಐವತ್ತೈದರ ಮೇಲೆ. ಒಂದು ಬೆಳಿಗ್ಗೆ ಹಿಂದಿನ ಸಾಲಿನ ಬಸ್ಸೊಂದರಲ್ಲಿ ಸೀಟುಗಳ ನಡುವೆ ಅವಳು ಮುಖ ಅಡಿಯಾಗಿ ಬಿದ್ದಿದ್ದಳು. ಮುಂದಿನ ಬಸ್ಸಿನ ಹೊಗೆಕೊಳವೆ ನೇರ ಆ ಬಾಗಿಲಿಗೇ ಮುಖ ಮಾಡಿ ಉಗುಳುತ್ತಿತ್ತು. ಪಂಪಕ್ಕನೇ ಅವಳನ್ನು ಎತ್ತಿಕೊಂಡು ಬಯಲಿಗೆ ಓಡಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಚಿತ್ರವನ್ನು ದೀಪಕ್ಕೆ ಹಿಡಿದು ಕೇಳಿದರು: "ಮನೇಲಿ ಸೌದೆ ಒಲೆ ಇದೆಯೇನಮ್ಮ?"

"ಇಲ್ಲ, ಗ್ಯಾಸು."

"ಬೀಡಿ ಸಿಗರೇಟು ಸೇದೋರು ಯಾರಾದ್ರೂ?"

"ಯಾರೂ ಇಲ್ಲ."

"ಮತ್ತೆ ಇಷ್ಟು ಹೊಗೆ ಎಲ್ಲಿಂದ ಬಂತು?"

ದೊಡ್ಡಮ್ಮ ಪಂಪಕ್ಕನ ಮುಖ ನೋಡಿದಳು. ಪಂಪಕ್ಕ ತಲೆ ತಗ್ಗಿಸಿದಳು.

ಮರುದಿನವೇ ಅವಳು ಒಂದು ಸ್ಟಾಪ್‌ವಾಚ್ ಮತ್ತು ನೂರು ಪುಟದ ನೋಟ್‌ಪುಸ್ತಕ ತಂದಳು. ನಲವತ್ತು ದಿನ, ಯಾವ ಬಸ್ಸು ನಿಂತಲ್ಲೇ ಎಷ್ಟು ನಿಮಿಷ ಎಂಜಿನ್ ಓಡಿಸಿತು ಎಂದು ಬರೆದಳು. ಸರಾಸರಿ ಇಪ್ಪತ್ತೈದು ನಿಮಿಷ ಬಂತು. ಒಂದು ಚಕ್ರವೂ ಉರುಳದೆ ಡಿಪೋದ ಅರವತ್ತು ಲೀಟರಿಗೂ ಹೆಚ್ಚು ಡೀಸೆಲ್ ದಿನವೂ ಹೊಗೆಯಾಗಿ ಹೋಗುತ್ತಿತ್ತು. ಬಸ್ಸುಗಳ ಹೊಗೆ ತಗ್ಗಿಸಿ ಎಂದು ಕೇಂದ್ರ ಕಚೇರಿಯಿಂದ ಮ್ಯಾನೇಜರಿಗೆ ಅದೇ ವಾರ ಸುತ್ತೋಲೆ ಬಂದಿತ್ತು. ಏನು ಮಾಡುವುದೆಂದು ತೋಚದೆ ಕೂತಿದ್ದವರಿಗೆ ಈ ಪುಸ್ತಕ ದೇವರು ಕೊಟ್ಟಂತಾಯಿತು. ಪಂಪಕ್ಕ ಬರೆದುಕೊಟ್ಟಂತೆ, ಐದು ನಿಮಿಷಕ್ಕಿಂತ ಹೆಚ್ಚು ಎಂಜಿನ್ ನಿಂತಲ್ಲಿ ಓಡಿಸಬಾರದೆಂದು ಆದೇಶ ಹೊರಟಿತು. ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಕೆಲಸ ಪಂಪಕ್ಕನ ತಲೆಗೇ ಬಂತು.

"ಏನ್ ಪಂಪಕ್ಕ, ಮೊಟ್ಟೆ ಬೇಯಿಸ್ತಿದ್ದೀಯಾ?" ಎಂದು ಡ್ರೈವರುಗಳು ಕಿಟಕಿಯಿಂದ ಕೂಗುತ್ತಿದ್ದರು. ಅವಳು ನಕ್ಕು ಮುಂದಿನ ಬಸ್ಸಿಗೆ ಹೋಗುತ್ತಿದ್ದಳು. ಆದರೆ ಭಾವ ತಮಾಷೆ ಮಾಡಲಿಲ್ಲ. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು: "ನೀನು ಪಂಪ್ ಬಿಚ್ಚಿದೋಳು. ನಾನು ಸ್ಟೀರಿಂಗ್ ಹಿಡಿದೋನು. ಬಸ್ಸಿಗೆ ಏನು ಬೇಕು ಅಂತ ನಂಗೆ ಪಾಠ ಹೇಳ್ಬೇಡ."

"ಬಸ್ಸು ಓಡ್ತಾ ಓಡ್ತಾ ಎಂಜಿನ್ ಬಿಸಿಯಾಗತ್ತೆ ಭಾವ. ಅದಕ್ಕೆ ಅರ್ಧ ಗಂಟೆ..."

"ಬಿಸಿಯಾಗೋದೊಂದೇ ಅಲ್ಲ."

"ಮತ್ತೇನು?"

ಅವರು ಕೈ ತೊಳೆಯಲು ಎದ್ದು ಹೋದರು. ಆ ಪ್ರಶ್ನೆಯನ್ನು ಅವಳು ಮತ್ತೆ ಕೇಳಬೇಕಿತ್ತು. ಕೇಳಲಿಲ್ಲ.

ನಿಯಮ ಬಂದ ಹನ್ನೆರಡನೆಯ ದಿನ ಭಾವ ನಲವತ್ತೊಂದನೇ ನಂಬರಿನ ಬಸ್ಸಿನಲ್ಲಿದ್ದರು. ಐದು ನಿಮಿಷವಾಗುವಾಗ ಪಂಪಕ್ಕ ಕಿಟಕಿಯ ಕೆಳಗೆ ನಿಂತಿದ್ದಳು. ಅವರು ಬಗ್ಗಿ ನೋಡಿದರು.

"ಆಯ್ತಾ ಮೇಡಂ, ನಿಮ್ಮ ಐದು ನಿಮಿಷ?"

ಭಾವ ಅವಳನ್ನು ಯಾವತ್ತೂ ಮೇಡಂ ಎಂದವರಲ್ಲ. ಅವಳು ಸ್ಟಾಪ್‌ವಾಚ್ ಒತ್ತಿ ನಿಲ್ಲಿಸಿದಳು. "ಆಯ್ತು ಭಾವ," ಎಂದಳು.

ಬಸ್ಸು ಹೊರಟಿತು. ಗೇಟಿನಲ್ಲಿ ಒಮ್ಮೆ ನಿಂತು, ಕಾವಲಿನವನು ಕೈ ಬೀಸಿದ ಮೇಲೆ ಮುಂದೆ ಹೋಯಿತು. ಗೇಟು ದಾಟಿದರೆ ಇನ್ನೂರು ಗಜದಷ್ಟು ಇಳಿಜಾರು. ಕೆಳಗೆ ದೊಡ್ಡ ರಸ್ತೆ, ಅದರ ಅಂಚಿನಲ್ಲಿ ಪೇಪರ್ ವಿಂಗಡಿಸುವವರು ನೆಲದ ಮೇಲೆ ಕೂತಿರುತ್ತಿದ್ದರು. ಪಂಪಕ್ಕ ಮುಂದಿನ ಬಸ್ಸಿನತ್ತ ತಿರುಗಿದಾಗ ಹಾರ್ನ್ ಕೇಳಿತು. ಒಂದೇ ಸಮನೆ, ಬಿಡದೆ ಒತ್ತಿ ಹಿಡಿದ ಹಾರ್ನ್. ಅವಳು ಗೇಟಿಗೆ ಓಡಿ ಬಂದು ನೋಡಿದರೆ ಬಸ್ಸು ಇಳಿಜಾರಿನಲ್ಲಿ ನಿಲ್ಲದೆ ಹೋಗುತ್ತಿತ್ತು. ಬ್ರೇಕಿನ ದೀಪ ಹತ್ತುತ್ತಿತ್ತು, ಆರುತ್ತಿತ್ತು, ಹತ್ತುತ್ತಿತ್ತು. ವೇಗ ಮಾತ್ರ ಇಳಿಯುತ್ತಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಹಿಂದಿನ ಚಕ್ರ ಕಿರ್ರೆಂದು ಕೂಗಿತು, ಅಷ್ಟೆ. ಕೆಳಗೆ ಪೇಪರಿನವರು ಎದ್ದು ಚೆಲ್ಲಾಪಿಲ್ಲಿಯಾದರು. ಒಬ್ಬ ಮಾತ್ರ ಕಟ್ಟಿದ ಬಂಡಲನ್ನು ತಬ್ಬಿಕೊಂಡು ಹಾಗೇ ನಿಂತಿದ್ದ. ಕೊನೆಯ ಗಳಿಗೆಯಲ್ಲಿ ಬಸ್ಸು ಎಡಕ್ಕೆ ಹೊರಳಿತು, ಕಟ್ಟಡದ ಕೆಲಸಕ್ಕೆಂದು ಸುರಿದಿದ್ದ ಮರಳಿನ ಗುಡ್ಡೆ ಏರಿತು, ಅದರಾಚೆಯ ಗೋಡೆಗೆ ಗುದ್ದಿ ನಿಂತಿತು.

ಅವಳು ಓಡಿದಳು. ಬಸ್ಸಿನಲ್ಲಿ ಪ್ರಯಾಣಿಕರಿರಲಿಲ್ಲ. ಕಂಡಕ್ಟರ್ ಬಾಗಿಲ ಕಂಬಕ್ಕೆ ಬಡಿದು ಕೆಳಗೆ ಬಿದ್ದು, ಭುಜ ಹಿಡಿದು ನರಳುತ್ತಿದ್ದ. ಭಾವನ ಹಣೆ ಒಡೆದು ರಕ್ತ ಹುಬ್ಬಿನಿಂದ ಕಣ್ಣಿಗಿಳಿಯುತ್ತಿತ್ತು. ಅವಳನ್ನು ಕಂಡು ಅವರು ಒಂದೇ ಮಾತು ಆಡಿದರು.

"ಗಾಳಿ ಇರ್ಲಿಲ್ಲ ಕಣೇ."

ಈ ಬಸ್ಸುಗಳ ಬ್ರೇಕು ಹಿಡಿಯುವುದು ಗಾಳಿಯ ಬಲದಿಂದ. ಎಂಜಿನ್ ಓಡಿದಾಗ ಕಂಪ್ರೆಸರ್ ತಿರುಗಿ ಟ್ಯಾಂಕಿಗೆ ಗಾಳಿ ತುಂಬುತ್ತದೆ. ಟ್ಯಾಂಕಿನಲ್ಲಿ ಗಾಳಿ ಇಲ್ಲದಿದ್ದರೆ ಪೆಡಲನ್ನು ಎಷ್ಟು ಒತ್ತಿದರೂ ಅಷ್ಟೆ. ಇದು ಪಂಪಕ್ಕನಿಗೆ ಗೊತ್ತಿರದ ವಿಷಯವಲ್ಲ. ಸರಿಯಿರುವ ಬಸ್ಸಿಗೆ ಗಾಳಿ ತುಂಬಲು ನಾಲ್ಕೈದು ನಿಮಿಷ ಧಾರಾಳ ಸಾಕು. ಅದನ್ನು ಲೆಕ್ಕ ಹಾಕಿಯೇ ಅವಳು ಐದು ಎಂದು ಬರೆದಿದ್ದಳು.

ಹತ್ತು ಗಂಟೆಯೊಳಗೆ ಆದೇಶ ರದ್ದಾಯಿತು. ವಿಚಾರಣೆ ಮುಗಿಯುವವರೆಗೆ ಪಂಪಕ್ಕನನ್ನು ಟಯರ್ ವಿಭಾಗಕ್ಕೆ ಎತ್ತಂಗಡಿ ಮಾಡಿದರು. ಮರುದಿನ ಡ್ರೈವರುಗಳು ಹಟಕ್ಕೆ ಬಿದ್ದವರಂತೆ ನಲವತ್ತು ನಿಮಿಷ ಎಂಜಿನ್ ಓಡಿಸಿದರು. ಅವಳು ಕ್ಯಾಂಟೀನಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಅವಳ ಟೂಲ್ ಪೆಟ್ಟಿಗೆಯ ಮೇಲೆ ಯಾರೋ ಮೊಟ್ಟೆಯ ಸಿಪ್ಪೆ ಇಟ್ಟು ಹೋಗಿದ್ದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಕ್ಕ ಅವಳನ್ನು ತಡೆದು ನಿಲ್ಲಿಸಿದಳು.

"ಒಳಗೆ ಬರ್ಬೇಡ. ನಿನ್ನ ಮುಖ ನೋಡೋಕೆ ಈಗ ನನ್ನಿಂದಾಗಲ್ಲ."

"ಅಕ್ಕಾ..."

"ಅವರಿಲ್ದೇ ಹೋಗಿದ್ರೆ ಏನ್ ಹೇಳ್ತಿದ್ದೆ ನಂಗೆ? ಎಷ್ಟು ಡೀಸೆಲ್ ಉಳೀತು ಅಂತಾನಾ?"

ಎರಡು ದಿನ ಪಂಪಕ್ಕ ಊಟ ಬಿಟ್ಟಳು. ಅವಳ ಗಂಡ ದರ್ಜಿ. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ. ಎರಡನೆಯ ಸಂಜೆ ಅವನು ಪೆಡಲ್ ನಿಲ್ಲಿಸಿ ಹೇಳಿದ: "ತಪ್ಪು ನಿಂದಾದ್ರೆ ಒಪ್ಕೋ. ಅಲ್ಲಾಂದ್ರೆ ಏನಾಯ್ತು ಅಂತ ಹುಡುಕು. ಎರಡೂ ಬಿಟ್ಟು ಗೋಡೆ ನೋಡ್ತಾ ಕೂತ್ರೆ ನಾನು ಏನಂತ ಸಮಾಧಾನ ಮಾಡ್ಲಿ?"

ಅವಳು ನೋಟ್‌ಪುಸ್ತಕ ತೆಗೆದಳು. ಸರಾಸರಿಯನ್ನು ಬಿಟ್ಟು ಒಂದೊಂದೇ ಬಸ್ಸಿನ ಸಾಲನ್ನು ಬೆರಳಿಟ್ಟು ಓದಿದಳು. ಕೆಲವು ಬಸ್ಸುಗಳ ಮುಂದೆ ದಿನಕ್ಕೊಂದು ಥರ: ಹದಿನೈದು, ನಲವತ್ತು, ಹತ್ತು, ಡ್ರೈವರಿನ ಚಹಾ ಮುಗಿದಂತೆ. ಇನ್ನು ಕೆಲವದರ ಮುಂದೆ ಡ್ರೈವರ್ ಯಾರೇ ಇರಲಿ, ಇಪ್ಪತ್ತೆರಡರ ಕೆಳಗೆ ಒಂದು ದಿನವೂ ಇಳಿದಿರಲಿಲ್ಲ. ನಲವತ್ತೊಂದನೇ ನಂಬರ್: ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತಮೂರು, ಇಪ್ಪತ್ತಮೂರು. ನಲವತ್ತು ದಿನವೂ ಹಾಗೇ. ಚಹಾ ಕುಡಿಯುವವನು ಹೀಗೆ ನಿಮಿಷ ಲೆಕ್ಕವಿಟ್ಟು ಕುಡಿಯುವುದಿಲ್ಲ. ಆ ಬಸ್ಸುಗಳಿಗೆ ಅಷ್ಟು ಹೊತ್ತು ಬೇಕಾಗಿಯೇ ಇತ್ತು. ಗಾಳಿ ಎಲ್ಲೋ ಸೋರುತ್ತಿತ್ತು. ತುಂಬುತ್ತಾ ತುಂಬುತ್ತಾ ಸೋರುತ್ತಿತ್ತು. ದಿನವೂ ಅಷ್ಟು ಹೊತ್ತು ಎಂಜಿನ್ ಓಡಿಸಿ ಎಲ್ಲರೂ ಅದನ್ನು ಮುಚ್ಚಿಟ್ಟಿದ್ದರು. ಅವಳು ಅದನ್ನು ನಲವತ್ತು ಸಲ ತನ್ನ ಕೈಯಿಂದಲೇ ಬರೆದಿದ್ದಳು, ಒಮ್ಮೆಯೂ ಯಾಕೆ ಎಂದು ಕೇಳಿರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ, ಎಳೆದು ತಂದು ಮೂಲೆಗೆ ನಿಲ್ಲಿಸಿದ್ದ ನಲವತ್ತೊಂದನೇ ಬಸ್ಸಿಗೆ ಟಯರ್ ವಿಭಾಗದ ಗಾಳಿಯ ಕೊಳವೆ ಜೋಡಿಸಿ, ಕುಂಚವನ್ನು ಸಾಬೂನು ನೀರಿನಲ್ಲಿ ಅದ್ದಿ ಪೈಪುಗಳಿಗೆ ಬಳಿದಳು. ಪೆಡಲಿನ ಕೆಳಗಿನ ವಾಲ್ವಿನಲ್ಲಿ ನೊರೆ ಬುಸುಬುಸು ಎದ್ದಿತು. ಹಿಂದಿನ ರಬ್ಬರ್ ಕೊಳವೆಯಲ್ಲೂ ಎದ್ದಿತು. ಅವಳು ಮ್ಯಾನೇಜರನ್ನು ಕರೆತಂದು ತೋರಿಸಿದಳು.

"ಗೋಡೆಗೆ ಗುದ್ದಿದ ಬಸ್ಸಮ್ಮ ಇದು," ಎಂದರು ಅವರು. "ಸೋರದೆ ಇನ್ನೇನು ಮಾಡತ್ತೆ?"

"ಹಾಗಿದ್ರೆ ಬೇರೆ ಬಸ್ಸು ನೋಡೋಣ ಸಾರ್. ಇದೇ ಥರದವು ಇನ್ನೂ ಇವೆ. ಎಂಜಿನ್ ಶುರು ಮಾಡೋ ಮುಂಚೆ ಗಾಳಿಯ ಗೇಜ್ ನೋಡಿದ್ರೆ ಸಾಕು, ರಾತ್ರಿಯೆಲ್ಲ ಸೋರಿದ್ರೆ ಮುಳ್ಳು ಕೆಳಗಿಳಿದಿರತ್ತೆ."

ಮ್ಯಾನೇಜರ್ ದನಿ ತಗ್ಗಿಸಿದರು. "ನೋಡಮ್ಮ, ಸೋಮವಾರ ವಿಚಾರಣೆ. ಅಲ್ಲೀವರೆಗೆ ನೀನು ಇನ್ನೊಂದು ಬಸ್ಸಿನ ಬಾಗಿಲು ಮುಟ್ಟಿದ್ದು ನಂಗೆ ಗೊತ್ತಾದ್ರೆ ಅವತ್ತೇ ಮನೆಗೆ ಕಳಿಸ್ತೀನಿ. ಅರ್ಥ ಆಯ್ತಾ?"

ಅರ್ಥವಾಯಿತು. ಆದರೆ ಡಿಪೋದ ಪ್ರತಿಯೊಂದು ಬಸ್ಸಿನ ಬಾಗಿಲನ್ನೂ, ಪ್ರತಿ ದಿನವೂ, ಎಂಜಿನ್ ಶುರುವಾಗುವ ಮುಂಚೆ ತೆರೆಯುವವಳು ಒಬ್ಬಳಿದ್ದಳು. ದೊಡ್ಡಮ್ಮ ಕೆಲಸಕ್ಕೆ ಮರಳಿ ನಾಲ್ಕು ದಿನವಾಗಿತ್ತು. ನೀರಿನ ತೊಟ್ಟಿಯ ಹಿಂದೆ ಪಂಪಕ್ಕ ಅವಳಿಗೆ ವಿಷಯ ಹೇಳಿದಳು. ಆ ಹಳೆಯ ಬಸ್ಸುಗಳಲ್ಲಿ ಎಂಜಿನ್ ಆರಿದ್ದರೂ ಗೇಜಿನ ಮುಳ್ಳು ಟ್ಯಾಂಕಿನ ಗಾಳಿ ತೋರಿಸುತ್ತಿತ್ತು.

"ನಂಗೆ ಓದೋಕೆ ಬರಲ್ವಲ್ಲ ಮಗಳೇ."

"ಓದೋದೇನಿಲ್ಲ ದೊಡ್ಡಮ್ಮ. ಸ್ಟೀರಿಂಗ್ ಹಿಂದೆ ದುಂಡಗೆ ಗಡಿಯಾರದ ಥರ ಇರತ್ತೆ. ಮುಳ್ಳು ಕೆಂಪಲ್ಲಿದೆಯಾ, ಹಸಿರಲ್ಲಿದೆಯಾ, ಅಷ್ಟೇ. ಕೆಂಪಲ್ಲಿದ್ರೆ ಹಿಂದಿನ ಬಂಪರ್ ಕೆಳಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೀರಿ. ಆದ್ರೆ ಸಿಕ್ಕಿಬಿದ್ರೆ ನಿಮ್ಮ ಕೆಲಸಾನೂ ಹೋಗತ್ತೆ. ಬೇಡ ಅಂದ್ರೆ ನಂಗೇನೂ ಬೇಜಾರಿಲ್ಲ."

ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿ ಕೆಮ್ಮಿದಳು. "ಸುಣ್ಣ ಕೊಡು," ಎಂದಳು.

ಮೂರು ಬೆಳಿಗ್ಗೆ ಇದು ನಡೆಯಿತು. ಮೂರನೆಯ ದಿನ ಒಬ್ಬ ಡ್ರೈವರ್ ಬೇಗ ಬಂದವನು ಬಂಪರಿನ ಬಳಿ ಬಗ್ಗಿದ್ದ ಅವಳನ್ನು ಕಂಡು, "ಏನ್ ಗೀಚ್ತಿದ್ದೀಯಾ?" ಎಂದು ಗದರಿದ. ದೂರದಲ್ಲಿ ಟಯರ್ ಉರುಳಿಸುತ್ತಿದ್ದ ಪಂಪಕ್ಕ ಅಲ್ಲೇ ನಿಂತಳು. ದೊಡ್ಡಮ್ಮ ಸೊಂಟ ಹಿಡಿದು ಎದ್ದು, "ಒಳಗೆ ವಾಂತಿ ಮಾಡಿದ್ದಾರಪ್ಪ. ಎರಡು ಸಲ ತೊಳೆಯೋ ಬಸ್ಸಿಗೆ ಗುರುತು ಹಾಕ್ತಿದ್ದೀನಿ. ಬಾ, ನೀನೇ ತೊಳಿ," ಎಂದಳು. ಅವನು ಮೂಗು ಮುಚ್ಚಿಕೊಂಡು ಸರಿದು ಹೋದ.

ಮೂರು ದಿನವೂ ಹತ್ತೊಂಬತ್ತು ಬಸ್ಸುಗಳಿಗೆ ಗೆರೆ ಬಿದ್ದಿತ್ತು. ಮೂರು ದಿನವೂ ಅವೇ ಹತ್ತೊಂಬತ್ತು.

ಭಾನುವಾರ ಸಂಜೆ ಪಂಪಕ್ಕ ಭಾವನ ಮನೆಗೆ ಹೋದಳು. ಅಕ್ಕ ಬಾಗಿಲು ತೆರೆದು ನೇರ ಅಡಿಗೆಮನೆಗೆ ಹೋದಳು. ಭಾವ ಹಣೆಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿದ್ದರು. ಅವಳು ಹತ್ತೊಂಬತ್ತು ಬಸ್ಸುಗಳ ನಂಬರು ಬರೆದ ಹಾಳೆಯನ್ನು ಅವರ ಮುಂದಿಟ್ಟಳು.

"ನಿಮಗೆ ಗೊತ್ತಿತ್ತಲ್ವಾ ಭಾವ?"

ಅವರು ನಂಬರುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. "ಎಲ್ರಿಗೂ ಗೊತ್ತು," ಎಂದರು ಕೊನೆಗೆ. "ಯಾವ ಬಸ್ಸಿಗೆ ಎಷ್ಟು ಹೊತ್ತು ಬೇಕು ಅಂತ ಬಸ್ ಬದಲಾಯಿಸ್ವಾಗ ಒಬ್ರಿಗೊಬ್ರು ಹೇಳ್ಕೋತೀವಿ. ದೂರಿನ ಪುಸ್ತಕದಲ್ಲಿ ನಾನೇ ಮೂರು ಸಲ ಬರ್ದೆ. ಸಾಮಾನಿಲ್ಲ, ಓಡ್ಸಿ ಅಂದ್ರು. ಆಮೇಲೆ ಬರೆಯೋದು ಬಿಟ್ಟೆ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ಗಡಿಯಾರ ಹಿಡ್ಕೊಂಡು ನಿಂತೆ, ಅಷ್ಟೇ." ಅವರ ದನಿ ಏರಿತು, ಮತ್ತೆ ತಾನಾಗಿ ಇಳಿಯಿತು. "ಇಷ್ಟು ದಿನ ನೀನು ಬರೋ ಮುಂಚೆಯೇ ಬಂದು ಗಾಳಿ ತುಂಬ್ಸಿಡ್ತಿದ್ವಿ, ಅವತ್ತು ನಾನು ಬೇಕಂತಲೇ ತುಂಬ್ಸಿರ್ಲಿಲ್ಲ. ಮುಳ್ಳು ಕೆಂಪಲ್ಲೇ ಇತ್ತು. ನೋಡಿದ್ದೆ. ಗೇಟಲ್ಲಿ ನಿಲ್ಲಿಸಿ, 'ನೋಡು, ನಿನ್ನ ಐದು ನಿಮಿಷಕ್ಕೆ ಬಸ್ಸು ಹೊರಡಲ್ಲ' ಅಂತ ಎಲ್ರ ಮುಂದೆ ಹೇಳೋಣ ಅಂತಿದ್ದೆ. ಗೇಟಲ್ಲಿ ಬ್ರೇಕು ಹಿಡೀತು. ಹಿಡಿಯತ್ತಲ್ಲ ಅಂದ್ಕೊಂಡು ಬಿಟ್ಟೆ."

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

"ನಾಳೆ ಇದನ್ನ ಹೇಳ್ತೀರಾ?"

"ಎರಡು ವರ್ಷ ಉಳಿದಿದೆ ನಂಗೆ," ಎಂದರು ಅವರು. "ಹೋಗು ಈಗ."

ಸೋಮವಾರ ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ ಶುರುವಾಯಿತು. ಕೇಂದ್ರ ಕಚೇರಿಯಿಂದ ಬಂದಿದ್ದ ಅಧಿಕಾರಿ ತೆಳ್ಳಗಿನ ಹೆಂಗಸು. ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ ಕೇಳುತ್ತಿದ್ದರು. ಪಂಪಕ್ಕ ಮೊದಲು ತನ್ನ ತಪ್ಪು ಹೇಳಿದಳು: ಅಂಕಿ ಕಣ್ಣೆದುರಿಗಿತ್ತು, ಯಾಕೆಂದು ಕೇಳಲಿಲ್ಲ, ಅರವತ್ತೆರಡಕ್ಕೂ ಒಂದೇ ನಿಯಮ ಬರೆದೆ. ಆಮೇಲೆ ಹತ್ತೊಂಬತ್ತು ನಂಬರುಗಳ ಪಟ್ಟಿ ಕೊಟ್ಟಳು.

"ಈ ಪಟ್ಟಿ ಯಾರು ಮಾಡಿದ್ದು?"

"ಅದನ್ನ ಹೇಳಲ್ಲ ಮೇಡಂ."

ಮ್ಯಾನೇಜರ್ ನಕ್ಕರು. "ನೋಡಿ ಮೇಡಂ. ಗಾಳಿ ಸೋರತ್ತೆ ಅಂತ ಒಂದೇ ಒಂದು ದೂರು ಬಂದಿಲ್ಲ. ಪುಸ್ತಕ ಇಲ್ಲೇ ಇದೆ."

ಅಧಿಕಾರಿ ಪುಟ ತಿರುವಿದರು. ಪುಸ್ತಕ ಶುರುವಾದದ್ದೇ ಹಿಂದಿನ ತಿಂಗಳು. "ಇದಕ್ಕೆ ಮುಂಚಿನದು?"

"ಹುಡುಕಿಸ್ತಿದ್ದೀವಿ."

ಅಧಿಕಾರಿ ಪುಸ್ತಕ ಮುಚ್ಚಿ ಬದಿಗಿಟ್ಟರು. ಆಗ ಬಾಗಿಲು ತೆರೆಯಿತು. ಭಾವ ನಿಂತಿದ್ದರು, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ. ಹಿಂದೆ ಅಕ್ಕ ಅವರ ಮೊಣಕೈ ಹಿಡಿದಿದ್ದಳು. ಕೂರಿ ಎಂದರೂ ಅವರು ಕೂರಲಿಲ್ಲ. ಮೂರು ಸಲ ದೂರು ಬರೆದದ್ದನ್ನು, ಓಡಿಸಿ ಎಂದವರು ಯಾರೆಂಬುದನ್ನು, ಕೆಂಪು ಮುಳ್ಳು ಕಂಡೂ ಹೊರಟದ್ದನ್ನು ನಿಂತೇ ಹೇಳಿದರು. ಏನನ್ನೂ ಬಿಡಲಿಲ್ಲ.

ಅಧಿಕಾರಿ ಪೆನ್ನು ಮುಚ್ಚಿಟ್ಟರು. "ನಾಳೆ ಬೆಳಿಗ್ಗೆ ನಾನು ನೋಡೋ ತನಕ ಒಂದು ಎಂಜಿನ್ನೂ ಶುರುವಾಗಬಾರದು," ಎಂದರು.

ಮಂಗಳವಾರ ಬೆಳಿಗ್ಗೆ ಐದಕ್ಕೆ ಡಿಪೋ ನಿಶ್ಶಬ್ದವಾಗಿತ್ತು. ಅಧಿಕಾರಿ ಪ್ರತಿ ಬಸ್ಸನ್ನೂ ಹತ್ತಿ ಇಳಿದರು. ಡ್ರೈವರುಗಳು ಗುಂಪಾಗಿ ಹಿಂದೆ ಹಿಂದೆ ನಡೆದರು, ಯಾರೂ ಚಹಾಕ್ಕೆ ಹೋಗಲಿಲ್ಲ. ಪಂಪಕ್ಕನಿಗೆ ಒಂದೇ ಚಿಂತೆ: ಯಾರಾದರೂ ಮುಂಚೆಯೇ ಬಂದು ಟ್ಯಾಂಕು ತುಂಬಿಸಿಟ್ಟಿದ್ದರೆ? ಮೊದಲ ಏಳು ಬಸ್ಸುಗಳ ಮುಳ್ಳು ಹಸಿರಿನಲ್ಲಿತ್ತು. ಎಂಟನೆಯದರಲ್ಲಿ ಅದು ಕೆಳಗೆ ಸೊನ್ನೆಗೆ ಅಂಟಿಕೊಂಡಿತ್ತು. ಎಂಟನೆಯದು ಪಟ್ಟಿಯ ಮೊದಲ ನಂಬರು. ಕೊನೆಯ ಸಾಲು ಮುಗಿಯುವಾಗ ಹತ್ತೊಂಬತ್ತೂ ಸರಿಹೊಂದಿದ್ದವು. ಗುಂಪಿನಲ್ಲಿದ್ದ ಒಬ್ಬ ಡ್ರೈವರ್ ಮುಂದೆ ಬಂದು, "ಇದು ನಂದು ಮೇಡಂ. ಇಪ್ಪತ್ತಾರು ನಿಮಿಷ ಬೇಕು," ಎಂದ. ಆಮೇಲೆ ಇನ್ನೊಬ್ಬ, ಮತ್ತೊಬ್ಬ.

ಆ ಹತ್ತೊಂಬತ್ತು ಬಸ್ಸುಗಳು ರಸ್ತೆಯಿಂದ ಇಳಿದವು. ವಾಲ್ವುಗಳು ಬರಲು ಮೂರು ತಿಂಗಳಾಯಿತು. ಅಷ್ಟು ದಿನ ಜನ ಉಳಿದ ಬಸ್ಸುಗಳ ಬಾಗಿಲಿಗೆ ನೇತಾಡಿಕೊಂಡು ಹೋಗುತ್ತಾ ಡಿಪೋಗೆ ಹಿಡಿಶಾಪ ಹಾಕಿದರು. ಡಿಪೋದಲ್ಲಿ ಬಸ್ಸು ನಿಲ್ಲುವ ಸಾಲುಗಳುದ್ದಕ್ಕೂ ಗಾಳಿಯ ಕೊಳವೆ ಎಳೆದರು. ಈಗ ಎಂಜಿನ್ ಶುರು ಮಾಡದೆಯೇ ಟ್ಯಾಂಕು ತುಂಬಬಹುದು. ನಿಯಮ ಮತ್ತೆ ಬಂತು, ಆದರೆ ಪಂಪಕ್ಕ ಅದರಲ್ಲಿ ಒಂದು ಮಾತು ಸೇರಿಸಿದಳು: ಮುಳ್ಳು ಹಸಿರಿಗೆ ಬರದೆ ಯಾವ ಬಸ್ಸೂ ಕದಲಬಾರದು, ಐದು ನಿಮಿಷದಲ್ಲಿ ಬರದಿದ್ದರೆ ಎಂಜಿನ್ ಆರಿಸಿ ಮೆಕ್ಯಾನಿಕ್ಕನ್ನು ಕರೆಯಬೇಕು. ಬೆಳಗಿನ ಹೊಗೆ ಕಟ್ಟುವುದು ನಿಂತಿತು. ದೊಡ್ಡಮ್ಮನ ಕೆಮ್ಮು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹೋಗುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹಳೆಯ ದೂರಿನ ಪುಸ್ತಕ ಸಿಗಲೇ ಇಲ್ಲ. ಮ್ಯಾನೇಜರನ್ನು ಬೇರೆಡೆಗೆ ಕಳಿಸಿದರು.

ಭಾವನಿಗೆ ಶಿಕ್ಷೆಯಾಯಿತು. ಅವರು ಮತ್ತೆ ಬಸ್ಸು ಓಡಿಸಲಿಲ್ಲ. ಉಳಿದೆರಡು ವರ್ಷ ಸ್ಟೋರಿನ ಕಿಟಕಿಯಲ್ಲಿ ಕೂತು ಸಾಮಾನು ಕೊಟ್ಟರು. ವಾಲ್ವು ಕೇಳಲು ಬಂದವರಿಗೆ "ಇಲ್ಲ" ಎನ್ನುವ ಮುಂಚೆ ಎದ್ದು ಹೋಗಿ ಎರಡು ಸಲ ಹುಡುಕುತ್ತಿದ್ದರಂತೆ. ಅಕ್ಕ ಐದು ವಾರದ ಮೇಲೆ ಫೋನ್ ಮಾಡಿ, ಬೇರೇನೂ ಹೇಳದೆ, "ಭಾನುವಾರ ಊಟಕ್ಕೆ ಬಾ" ಎಂದಳು.

ಕಂಡಕ್ಟರಿನ ಭುಜದ ಮೂಳೆ ಕೂಡಿಕೊಂಡಿತು. ಆದರೆ ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಅವನು ಈಗಲೂ ಅದೇ ಮಾರ್ಗದಲ್ಲಿ, ಎಡಗೈಯಿಂದ ಮೇಲಿನ ಕಂಬಿ ಹಿಡಿದು ಟಿಕೆಟ್ ಹರಿಯುತ್ತಾನೆ. ಪಂಪಕ್ಕ ಆ ಬಸ್ಸು ಹತ್ತಿದರೆ, ಸೀಟು ಖಾಲಿಯಿದ್ದರೂ ಕೂರುವುದಿಲ್ಲ. ಅವನು ಒಮ್ಮೆ, "ಕೂತ್ಕೋ ಪಂಪಕ್ಕ, ಯಾಕೆ ನಿಂತಿದ್ದೀಯ?" ಎಂದು ಗದರಿದ. ಅವಳು "ಇರ್ಲಿ ಬಿಡಪ್ಪ, ಮುಂದಿನ ಸ್ಟಾಪಲ್ಲೇ ಇಳೀತೀನಿ" ಎಂದಳು. ಅವಳು ಇಳಿಯಬೇಕಾದದ್ದು ಇನ್ನೂ ಆರು ಸ್ಟಾಪು ಆಚೆಗೆ.